ಹಾಫ್ ಕ್ಲಚ್ಚಿನ ದಿನಗಳು

ಮೈಸೂರಿನ ಹೊರವರ್ತುಲ ರಸ್ತೆಯ ಆಚೆಗೆ, ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿರುವ ಬಡಾವಣೆಗಳಿವೆ. ಕ್ರಾಸಿನಿಂದ ಕ್ರಾಸಿಗೆ ಡಾಂಬರು ಬಿದ್ದಿದೆ, ದೀಪದ ಕಂಬ ನಿಂತಿದೆ, ಮೋರಿಗೆ ಚಪ್ಪಡಿ ಹಾಸಿದೆ. ಸೈಟುಗಳ ಒಳಗೆ ಮಾತ್ರ ಪಾರ್ಥೇನಿಯಂ ಸೊಂಟದೆತ್ತರ ಬೆಳೆದಿದೆ. ಬೆಳಿಗ್ಗೆ ಆರರಿಂದ ಏಳೂವರೆಯವರೆಗೆ ಈ ರಸ್ತೆಗಳು ಗಾಡಿ ಕಲಿಯುವವರ ಪಾಲು. ಒಂದು ಕ್ರಾಸಿನಲ್ಲಿ ಸ್ಕೂಟರಿನ ಮೇಲೆ ತಾಯಿ, ಹಿಂದಿನ ಕಂಬಿ ಹಿಡಿದು ಓಡುತ್ತಿರುವ ಮಗ. ಇನ್ನೊಂದರಲ್ಲಿ ಡ್ರೈವಿಂಗ್ ಸ್ಕೂಲಿನ ಕಾರು ಇಂಚಿಂಚೇ ರಿವರ್ಸ್ ಹೋಗುತ್ತಿದೆ. ವಾಕಿಂಗ್ ಬಂದ ಹಿರಿಯರು ರಸ್ತೆಯ ತೀರ ಅಂಚಿಗೆ ಸರಿದು ನಡೆಯುತ್ತಾರೆ. ಕಲಿಯುವವರಿಗೆ ಜಾಗ ಬೇಕು ಎಂಬುದು ಅವರಿಗೆ ಗೊತ್ತು.

ಗೇರಿನ ಬೈಕು ಕಲಿಯುವವರನ್ನು ಕಣ್ಣಿಗಿಂತ ಮೊದಲು ಕಿವಿ ಗುರುತಿಸುತ್ತದೆ. ಎಂಜಿನ್ನು ಒಮ್ಮೆ ಜೋರಾಗಿ ಮೊರೆದು, ತಟ್ಟನೆ ದನಿ ಕುಸಿದು, ಒಂದು ಜಗ್ಗಿನೊಡನೆ ಆಫ್ ಆಗುತ್ತದೆ. ಆಮೇಲೆ ಸೆಲ್ಫ್ ಒತ್ತಿದ ಸದ್ದು, ಮತ್ತೆ ಮೊರೆತ, ಮತ್ತೆ ಜಗ್ಗು. ಏಳು ಗಂಟೆಯ ಎಳೆಬಿಸಿಲು ಬರುವ ಹೊತ್ತಿಗೆ ಆ ದನಿ ಕುಸಿಯುವುದು ಕಡಿಮೆಯಾಗಿ, ಗಾಡಿ ಒಂದೇ ಸಮ ಉಲಿಯುತ್ತ ಕ್ರಾಸಿನ ಕೊನೆ ಮುಟ್ಟುತ್ತದೆ.

ನನಗೆ ಕಲಿಸಿದವರು ಚಿಕ್ಕಪ್ಪ. ಮೋರಿ ಕಟ್ಟೆಯ ಮೇಲೆ ಪೇಪರ್ ಹಾಸಿ ಕೂತು, ಕಣ್ಣು ಎತ್ತದೆಯೇ ಹೇಳುತ್ತಿದ್ದರು: “ಬ್ರೇಕಿನ ಮಾತು ಆಮೇಲೆ ಪುಟ್ಟಿ. ಮೊದಲು ಎಡಗೈಗೆ ಕೆಲಸ ಕಲಿಸು.” ಎಂಜಿನ್ನು ತಿರುಗುತ್ತಲೇ ಇರುತ್ತದೆ, ಚಕ್ರ ನಿಂತಿರುತ್ತದೆ, ಇವೆರಡನ್ನೂ ಕೂಡಿಸುವುದು ಒಂದಕ್ಕೊಂದು ಒತ್ತಿಕೊಳ್ಳುವ ಕ್ಲಚ್ ಪ್ಲೇಟುಗಳು. ಲಿವರನ್ನು ಸರ್ರನೆ ಬಿಟ್ಟರೆ ಪ್ಲೇಟುಗಳು ಒಮ್ಮೆಲೆ ಕಚ್ಚಿ ಎಂಜಿನ್ನು ಸಾಯುತ್ತದೆ. ತುಂಬಿದ ಹಾಲಿನ ಪಾತ್ರೆಯನ್ನು ಒಲೆಯಿಂದ ಇಳಿಸುವಷ್ಟು ಹುಷಾರಾಗಿ ಬಿಟ್ಟರೆ, ನಡುವೆ ಎಲ್ಲೋ ಒಂದು ಕಡೆ ಎಂಜಿನ್ನಿನ ದನಿ ಸ್ವಲ್ಪ ತಗ್ಗುತ್ತದೆ, ಹ್ಯಾಂಡಲ್ಲಿನಲ್ಲಿ ಸಣ್ಣ ನಡುಕ ಹುಟ್ಟುತ್ತದೆ, ಗಾಡಿ ಮುಂದಕ್ಕೆ ತುಯ್ಯುತ್ತದೆ. “ಹಾಂ, ಸಿಕ್ತು ನೋಡು. ಅದೇ ಹಾಫ್ ಕ್ಲಚ್ಚು. ಅಲ್ಲೇ ಹಿಡ್ಕೊ, ಈಗ ಚೂರು ರೈಸ್ ಮಾಡು.” ಪೇಪರಿನಿಂದ ತಲೆಯೆತ್ತದವರಿಗೆ ಅದು ತಿಳಿದದ್ದು ಸದ್ದಿನಿಂದ. ಬೈಕನ್ನು ಓದಬೇಕಾದದ್ದು ಅಂಗೈಯಿಂದ, ಕಿವಿಯಿಂದ, ಸೀಟಿಗೆ ಒತ್ತಿದ ಮೈಯಿಂದ ಎಂದು ಆ ಮೋರಿ ಕಟ್ಟೆಯ ಎದುರಿಗೆ ನನಗೆ ಗೊತ್ತಾಯಿತು.

ಚಿಕ್ಕಪ್ಪ ಎಜ್ಡಿಯ ಕಾಲದವರು. ಈ ಊರಿನಲ್ಲಿ ಆ ಹೆಸರು ಹೇಳಿದರೆ ವಯಸ್ಸಾದವರ ಮುಖ ಈಗಲೂ ಅರಳುತ್ತದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. ಜೆಕೊಸ್ಲೊವಾಕಿಯಾದ ಜಾವಾ ಗಾಡಿಗಳು ಅಲ್ಲಿ ತಯಾರಾದವು. 1973ರಿಂದ ಎಜ್ಡಿ ಎಂಬ ಹೆಸರಿನಲ್ಲಿ ಹೊರಬಂದವು. 1996ರಲ್ಲಿ ಬಾಗಿಲು ಮುಚ್ಚುವವರೆಗೂ ಕಾರ್ಖಾನೆಯ ಸೈರನ್ನಿಗೆ ಅಡುಗೆಮನೆಗಳು ಗಡಿಯಾರ ಹೊಂದಿಸಿಕೊಂಡ ಬೀದಿಗಳು ಅಲ್ಲಿದ್ದವು. ಕಿಕ್ಕರು ಹೊಡೆದು ಗಾಡಿ ಚಾಲೂ ಮಾಡಿ, ಅದೇ ಕಿಕ್ಕರನ್ನು ಒಳಕ್ಕೆ ಒತ್ತಿ ಮುಂದಕ್ಕೆ ಮಡಚಿದರೆ ಅದೇ ಗೇರಿನ ಪೆಡಲು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಿಸಬೇಕಿದ್ದ ಟೂ ಸ್ಟ್ರೋಕ್ ಗಾಡಿ ಅದು. ಜುಲೈನ ಎರಡನೇ ಭಾನುವಾರ, ಜಾವಾ-ಎಜ್ಡಿ ದಿನದಂದು, ಆ ಹಳೆಯ ಗಾಡಿಗಳು ಸಾಲುಗಟ್ಟಿ ಹೊರಡುವಾಗ ಹೊಗೆಯ ವಾಸನೆಗೇ ಚಿಕ್ಕಪ್ಪ ಗೇಟಿನ ಬಳಿ ಬಂದು ನಿಲ್ಲುತ್ತಾರೆ. ನನ್ನ 150 ಸಿಸಿ ಗಾಡಿಗೆ ಕಿಕ್ಕರೇ ಇಲ್ಲ ಎಂಬುದನ್ನು ಅವರು ಇನ್ನೂ ಒಪ್ಪಿಕೊಂಡಿಲ್ಲ. ಆದರೆ ಅವರು ಕಲಿಸಿದ್ದರಲ್ಲಿ ಹಳತಾದದ್ದು ಒಂದೂ ಇಲ್ಲ.

ಲರ್ನಿಂಗ್ ಲೈಸೆನ್ಸಿಗೆ ಆರು ತಿಂಗಳ ಆಯುಸ್ಸು. ಪರೀಕ್ಷೆ ಕೊಡಲು ಕನಿಷ್ಠ 30 ದಿನ ಕಾಯಬೇಕು. ಆ ದಿನಗಳಲ್ಲಿ ಕಲಿಯುವವರೆಲ್ಲ ಖಾಲಿ ಮೈದಾನದಲ್ಲಿ ಎಂಟರ ಅಂಕೆ ಸುತ್ತುತ್ತಾರೆ. ನೋಡುವವರಿಗೆ ಅದು ಆಟ. ಮಾಡುವವರಿಗೆ ಅದರಲ್ಲಿ ಸವಾರಿಯ ಅರ್ಧ ವಿದ್ಯೆಯಿದೆ. ವೇಗವಿದ್ದಾಗ ತಾನಾಗಿ ನೆಟ್ಟಗೆ ನಿಲ್ಲುವ ಬೈಕು, ನಡಿಗೆಯ ವೇಗಕ್ಕೆ ಇಳಿದಾಗ ತನ್ನ 140 ಕೆ.ಜಿ. ಭಾರವನ್ನೆಲ್ಲ ನೆನಪಿಸುತ್ತದೆ. ಆಗ ಹಾಫ್ ಕ್ಲಚ್ಚು, ಹಿಂದಿನ ಬ್ರೇಕಿನ ಮೇಲೆ ಕಾಲ್ಬೆರಳ ತುದಿಯ ಒತ್ತಡ, ಮತ್ತು ನೋಟ: ಇವು ಮೂರೇ ಆಸರೆ. ಚಕ್ರದ ಮುಂದಿನ ಕಲ್ಲನ್ನು ನೋಡಿದರೆ ಗಾಡಿ ಕಲ್ಲಿನ ಮೇಲೇ ಹೋಗುತ್ತದೆ. ತಲೆಯೆತ್ತಿ, ಕುತ್ತಿಗೆ ತಿರುಗಿಸಿ, ಹೋಗಬೇಕಾದ ಜಾಗ ನೋಡಿದರೆ ಗಾಡಿ ಅತ್ತ ಬಾಗುತ್ತದೆ. ಕಣ್ಣು ಹೋದಲ್ಲಿ ಕೈ, ಕೈ ಹೋದಲ್ಲಿ ಗಾಡಿ.

ಎಂಟೂವರೆಗೆ ಊರು ಬೇರೆಯೇ ಆಗುತ್ತದೆ. ಶಾಲೆಯ ವ್ಯಾನುಗಳು, ಸಿಟಿ ಬಸ್ಸು, ಹೂವಿನ ಮೂಟೆ ಹೊತ್ತು ದೇವರಾಜ ಮಾರುಕಟ್ಟೆಗೆ ಹೊರಟ ಗೂಡ್ಸ್ ಆಟೋ, ಅರಮನೆಯ ಕಡೆಗೆ ಕುದುರೆಯನ್ನು ನಡೆಸಿಕೊಂಡು ಹೋಗುವ ಟಾಂಗಾದವರು. ಸರ್ಕಲ್ಲಿನಲ್ಲಿ ಇವರೆಲ್ಲ ಒಂದೇ ಸುತ್ತಿಗೆ ಸೇರುತ್ತಾರೆ. ಹೊಸ ಸವಾರರಿಗೆ ಸರ್ಕಲ್ಲೇ ದೊಡ್ಡ ಗಂಡಾಂತರ: ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ಎಡಗಡೆಯಿಂದ ನುಗ್ಗುವವರನ್ನು ಕಾಯಬೇಕು, ಗೇರು ಎರಡಕ್ಕೆ ಇಳಿಸಬೇಕು, ಹಿಂದಿನವರ ಹಾರನ್ನಿಗೆ ಹೆದರಬಾರದು. ಹಾರನ್ನು ಕೇಳಿದಾಗ ಕೈ ತಾನಾಗಿ ಕ್ಲಚ್ಚು ಬಿಡಲು ಹೊರಡುತ್ತದೆ. ಆ ಕೈಯನ್ನು ತಡೆದು, ಜಾಗ ಸಿಕ್ಕಿದ ಮೇಲೆಯೇ ಹೊರಡುವುದು ಧೈರ್ಯದ ಕೆಲಸ. ಗಾಡಿ ಓಡಿಸುವುದರಲ್ಲಿ ಕಾಯುವುದಕ್ಕೆ ಬೇಕಾಗುವಷ್ಟು ಧೈರ್ಯ ನುಗ್ಗುವುದಕ್ಕೆ ಬೇಕಾಗುವುದಿಲ್ಲ.

ಸಿಗ್ನಲ್ಲಿನಲ್ಲಿ ನಿಂತಾಗ ಅಕ್ಕಪಕ್ಕದ ಜಗತ್ತು ಮೊಣಕೈಯಷ್ಟು ಹತ್ತಿರ. ಕಾರಿನಲ್ಲಿ ಗಾಜಿನಾಚೆ ಇರುವುದೆಲ್ಲ ಇಲ್ಲಿ ಮೈಗೆ ತಾಗುತ್ತದೆ. ಪಕ್ಕದ ಸ್ಕೂಟರಿನಲ್ಲಿ ಅಪ್ಪನ ಬೆನ್ನಿಗೆ ಕೆನ್ನೆಯೊತ್ತಿ ನಿದ್ದೆಹೋದ ಎಲ್‌ಕೆಜಿ ಮಗು. ಇತ್ತ ಡಬಲ್ಸ್ ಹೊರಟ ಕಾಲೇಜು ಹುಡುಗಿಯರು, ಇಬ್ಬರ ನಡುವೆ ಒಂದು ಡ್ರಾಯಿಂಗ್ ಬೋರ್ಡು. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸುರಕ್ಷಾ ಪಟ್ಟಿ, ಹೆಲ್ಮೆಟ್ ಮತ್ತು ಗಂಟೆಗೆ 40 ಕಿ.ಮೀ. ಮೀರದ ವೇಗ ಎಂಬ ನಿಯಮವೂ 2023ರಿಂದ ಇದೆ. ಆ ಮಗುವಿನ ತಲೆ ಬರಿದಾಗಿತ್ತು. ಹಸಿರು ದೀಪ ಬಂದಾಗ ಅದು ಬೆಚ್ಚಿ ಕಣ್ಣು ಬಿಟ್ಟಿತು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ನೂರರಲ್ಲಿ ಸುಮಾರು 44 ಮಂದಿ ದ್ವಿಚಕ್ರದ ಮೇಲಿದ್ದವರು. ಆ ಅಂಕಿಗಳನ್ನು ಮೊದಲೂ ಓದಿದ್ದೆ. ಅವುಗಳ ಅರ್ಥ ಗೊತ್ತಾದದ್ದು ಆ ಸಿಗ್ನಲ್ಲಿನಲ್ಲಿ.

ಇದೇ ರಸ್ತೆಯಲ್ಲಿ ಇನ್ನೊಂದು ದನಿಯೂ ಇದೆ. ಗೇರು ಹಾಕಿ ಹೊರಟ ಯಾರದೋ ಗಾಡಿಯ ಸೈಡ್ ಸ್ಟ್ಯಾಂಡ್ ಇಳಿದೇ ಇದ್ದರೆ, ಎದುರಿನಿಂದ ಬರುವ ಆಟೋದಿಂದ ಒಂದು ಕೈ ಹೊರಗೆ ಬಂದು ಕೆಳಗೆ ತೋರಿಸುತ್ತದೆ: “ಸ್ಟ್ಯಾಂಡು, ಸ್ಟ್ಯಾಂಡು!” ಬಸ್ಸಿನ ಕಿಟಕಿಯಿಂದ ಅಜ್ಜಿಯೊಬ್ಬರು ಕೂಗುತ್ತಾರೆ: “ಏ ಮಗಾ, ಸೆರಗು ಚಕ್ರಕ್ಕೆ ಸಿಕ್ಕತ್ತೆ ನೋಡವ್ವಾ!” ಸೊಪ್ಪಿನ ಗಾಡಿಯವರು, ಪೌರಕಾರ್ಮಿಕರು, ಟ್ಯೂಷನ್ನಿಗೆ ಹೊರಟ ಹುಡುಗ, ಯಾರಾದರೂ ಸರಿ. ಇಂಡಿಕೇಟರ್ ಹಾಗೆಯೇ ಮಿನುಗುತ್ತಿದ್ದರೆ ಹೆಬ್ಬೆರಳು-ಬೆರಳು ಕೂಡಿಸಿ ಬಿಚ್ಚಿ ಸನ್ನೆ ಮಾಡುತ್ತಾರೆ. ಕೂಗಿದವರು ಧನ್ಯವಾದಕ್ಕೆ ನಿಲ್ಲುವುದಿಲ್ಲ. ಅಷ್ಟರಲ್ಲಿ ಮುಂದೆ ಹೋಗಿರುತ್ತಾರೆ. ಈಗಿನ ಹಲವು ಗಾಡಿಗಳಲ್ಲಿ ಸ್ಟ್ಯಾಂಡ್ ಇಳಿದಿದ್ದಾಗ ಗೇರು ಹಾಕಿದರೆ ಎಂಜಿನ್ನೇ ಆಫ್ ಆಗುತ್ತದೆ. ಆದರೂ ಜನ ಕೂಗುವುದನ್ನು ಬಿಟ್ಟಿಲ್ಲ. ಗುರುತು ಪರಿಚಯವಿಲ್ಲದವರ ಜೀವದ ಮೇಲೆ ಒಂದು ಕಣ್ಣಿಟ್ಟಿರುವ ಈ ರೂಢಿ, ಯಾವ ಕಾನೂನೂ ಕಲಿಸದೆ ನಮ್ಮ ಬೀದಿಗಳಲ್ಲಿ ತಾನಾಗಿ ಬೆಳೆದದ್ದು.

ಗಾಡಿ ಕೊಂಡವರ ಬದುಕಿಗೆ ಹೊಸ ನೆಂಟರು ಸೇರಿಕೊಳ್ಳುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಿಡಿಯುವ ಹುಡುಗ ಮುಂದಿನ ಟೈರಿಗೆ ಎಷ್ಟು, ಹಿಂದಿನದಕ್ಕೆ ಎಷ್ಟು ಎಂದು ಕೇಳಿ, “ಡಬಲ್ಸ್ ಹೋಗ್ತೀರಾ ಅಕ್ಕಾ?” ಎಂದು ಇನ್ನೊಂದು ಪ್ರಶ್ನೆ ಸೇರಿಸುತ್ತಾನೆ. ಹಿಂದೆ ಒಬ್ಬರು ಕೂತರೆ ಹಿಂದಿನ ಟೈರಿಗೆ ಗಾಳಿ ಹೆಚ್ಚು ಬೇಕು. ಪಂಕ್ಚರ್ ಅಂಗಡಿಯವರು ಟ್ಯೂಬ್‌ಲೆಸ್ ಟೈರಿನಿಂದ ಮೊಳೆ ಕಿತ್ತು, ಆ ತೂತಿಗೆ ಅಂಟು ಹಚ್ಚಿದ ಎಳೆ ತುರುಕಿ, ಮೇಲೆ ಎಂಜಲು ಸವರಿ ಗುಳ್ಳೆ ಬರುತ್ತದೆಯೇ ಎಂದು ಬಾಗಿ ನೋಡುತ್ತಾರೆ. ಮೆಕ್ಯಾನಿಕ್ ಅಂಗಡಿಯ ಮುಂದೆ ಆಯಿಲು ಕುಡಿದು ಕಪ್ಪಾದ ನೆಲ, ಗೋಡೆಗೆ ನೇತುಹಾಕಿದ ಸ್ಪ್ಯಾನರುಗಳು, ಬಿಚ್ಚಿಟ್ಟ ಕಾರ್ಬ್ಯುರೇಟರಿನ ಬಿಡಿಭಾಗಗಳು ಮುಳುಗಿದ ಪೆಟ್ರೋಲಿನ ಬಟ್ಟಲು. ಅಲ್ಲಿನ ಮೇಸ್ತ್ರಿ ಗಾಡಿ ಮುಟ್ಟುವ ಮೊದಲು ಒಂದು ಸುತ್ತು ಓಡಿಸಿ ಬಂದು ಹೇಳಿದರು: “ಚೈನು ಅಳ್ತಾ ಇದೆಯಲ್ಲಮ್ಮ, ಎಣ್ಣೆ ತೋರಿಸಿ ಎಷ್ಟು ದಿನ ಆಯ್ತು?”

ಅಂದಿನಿಂದ ಭಾನುವಾರದ ಬೆಳಿಗ್ಗೆ ಚೈನಿಗೆ ಮೀಸಲು. ಸೆಂಟರ್ ಸ್ಟ್ಯಾಂಡ್ ಹಾಕುವುದರಲ್ಲಿ ತೋಳ್ಬಲದ ಕೆಲಸ ಕಡಿಮೆ. ಸ್ಟ್ಯಾಂಡಿನ ಮೆಟ್ಟಿಲಿನ ಮೇಲೆ ಮೈಭಾರ ಬಿಟ್ಟು ನಿಂತರೆ ಗಾಡಿ ತಾನೇ ಹಿಂದಕ್ಕೆ ಏರಿ ಕೂರುತ್ತದೆ. ಹಳೆಯ ಬನಿಯನ್ ಬಟ್ಟೆ, ಬ್ರಷ್ಷು, ಸೀಮೆಎಣ್ಣೆ ಸಿಗದ ಈ ಕಾಲದಲ್ಲಿ ಅಂಗಡಿಯ ಚೈನ್ ಕ್ಲೀನರು. ಹಿಂದಿನ ಚಕ್ರವನ್ನು ಎಂಜಿನ್ ಬಂದ್ ಮಾಡಿ ಕೈಯಲ್ಲೇ ತಿರುಗಿಸಬೇಕು. ಓಡುವ ಚೈನಿಗೆ ಬಟ್ಟೆ ಹಿಡಿದು ಬೆರಳು ಕಳೆದುಕೊಂಡವರಿದ್ದಾರೆ. ಕಪ್ಪು ಮಣ್ಣು ಬಿಟ್ಟು ಒಂದೊಂದೇ ಕೊಂಡಿ ಬೆಳ್ಳಗಾಗುವುದನ್ನು ನೋಡುವ ಸುಖ ಸಣ್ಣದಲ್ಲ. ಸುಮಾರು 500 ಕಿ.ಮೀ.ಗೊಮ್ಮೆ ಇಷ್ಟು ಮಾಡಿ ಎಣ್ಣೆ ತೋರಿಸಿದರೆ ಚೈನು, ಸ್ಪ್ರಾಕೆಟ್ಟು ಎರಡೂ ಬಾಳುತ್ತವೆ. ಮರುದಿನ ಗಾಡಿ ಹೊರಟಾಗ ಆ ನಯ ಪಾದದಲ್ಲೇ ಗೊತ್ತಾಗುತ್ತದೆ.

ಊರ ಹೊರಗಿನ ಮೊದಲ ಸವಾರಿಗೆ ಬನ್ನೂರು ರಸ್ತೆ ಹೇಳಿ ಮಾಡಿಸಿದ್ದು. ಬೆಂಗಳೂರು ಕಡೆಯ ದಶಪಥದ ಮುಖ್ಯ ಹಾದಿಯಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಇತ್ತ ಹಳ್ಳಿಗಳನ್ನು ಮುಟ್ಟಿ ಮುಟ್ಟಿ ಹೋಗುವ ರಸ್ತೆ ನಮ್ಮನ್ನು ಸೇರಿಸಿಕೊಳ್ಳುತ್ತದೆ. ಟಾಪ್ ಗೇರಿನಲ್ಲಿ 50ರ ಆಸುಪಾಸು. ಗದ್ದೆ ಬಯಲು ಬಂದ ಕೂಡಲೇ ಮೈಗೆ ತಣ್ಣನೆಯ ಗಾಳಿ ಬಡಿಯುತ್ತದೆ; ಊರು ಹತ್ತಿರವಾದಾಗ ಮತ್ತೆ ಸೆಕೆ. ನೀರು ನಿಂತ ಮಣ್ಣು, ಒಲೆಯ ಹೊಗೆ, ಕೊಟ್ಟಿಗೆ, ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಹಾಲು: ಒಂದೊಂದು ವಾಸನೆಗೂ ರಸ್ತೆಯ ಮೇಲೆ ಅದರದೇ ಜಾಗವಿದೆ. ಕುರಿ ತಳಿಗೆ ಹೆಸರಾದ ಬನ್ನೂರಿನ ಹತ್ತಿರ ಮಂದೆ ಅಡ್ಡ ಬಂದರೆ ಎಂಜಿನ್ ಬಂದ್ ಮಾಡಿ ನಿಲ್ಲುವುದೇ ಸರಿ. ಗಿಡ್ಡ ಕಾಲು, ತುಂಬಿದ ಮೈಯ ಕುರಿಗಳು ಬೂಟನ್ನು ಮೂಸಿ ಎರಡೂ ಬದಿಗೆ ಹರಿದು ಹೋಗುತ್ತವೆ.

ಸಂಕ್ರಾಂತಿಯ ಆಚೀಚೆ ಈ ರಸ್ತೆಗಳಲ್ಲಿ ಒಕ್ಕಣೆಯ ಕಾಲ. ಕಣ ಮಾಡಿ ಬಡಿಯುವ ಆಳು ಸಿಗದೆ ರೈತರು ಹುರುಳಿ, ರಾಗಿಯ ಕಟ್ಟು ಬಿಚ್ಚಿ ಡಾಂಬರಿನ ಮೇಲೆಯೇ ಹರಡುತ್ತಾರೆ. ಲಾರಿ ಬಸ್ಸುಗಳ ಚಕ್ರವೇ ಗುಂಡಿನ ಕೆಲಸ ಮಾಡುತ್ತದೆ. ನಾಲ್ಕು ಚಕ್ರದವರಿಗೆ ಅದೊಂದು ಮೆತ್ತನೆಯ ಹಾಸು. ಎರಡು ಚಕ್ರದವರಿಗೆ, ಹುಲ್ಲಿನ ಕೆಳಗೆ ಉರುಳುವ ಕಾಳು. ಅದರ ಮೇಲೆ ಬ್ರೇಕು ಹಿಡಿದರೆ ಟೈರಿಗೆ ಹಿಡಿತವೇ ಇರುವುದಿಲ್ಲ. ಆದ್ದರಿಂದ ಹಾಸು ಮುಟ್ಟುವ ಮೊದಲೇ ವೇಗ ಇಳಿಸಿ, ಹ್ಯಾಂಡಲ್ ನೇರ ಹಿಡಿದು, ಬ್ರೇಕಾಗಲಿ ಆಕ್ಸಿಲರೇಟರಾಗಲಿ ತಟ್ಟನೆ ಮುಟ್ಟದೆ ದಾಟಬೇಕು. ಬದಿಯಲ್ಲಿ ಮೊರ ಹಿಡಿದು ಕೂತ ಹೆಂಗಸರು, “ಮೆಲ್ಗೆ ಬನ್ನಿ, ಮೆಲ್ಗೆ,” ಎಂದು ಕೈಯಾಡಿಸುತ್ತಾರೆ. ಅವರ ವರ್ಷದ ಬೆಳೆ, ನಮ್ಮ ಮೊಣಕಾಲು, ಎರಡೂ ಆ ಹತ್ತು ಮಾರಿನಲ್ಲಿವೆ.

ಬ್ರೇಕಿನ ಪಾಠವನ್ನು ಚಿಕ್ಕಪ್ಪ ಕಲಿಸಿದ್ದು ಕೊನೆಗೆ. “ಮುಂದಿನ ಬ್ರೇಕ್ ಹಿಡಿದರೆ ಬೀಳ್ತೀಯ” ಎಂಬ ಮಾತು ಪ್ರತಿ ಬೀದಿಯಲ್ಲೂ ಸಿಗುತ್ತದೆ. ಆದರೆ ನಿಲ್ಲಿಸುವಾಗ ಗಾಡಿಯ ಬಹುಪಾಲು ಭಾರ ಮುಂದಿನ ಚಕ್ರಕ್ಕೆ ಇಳಿಯುತ್ತದೆ, ಆಗ ಹೆಚ್ಚು ಹಿಡಿತ ಇರುವುದು ಅದಕ್ಕೇ. ಹಿಂದಿನ ಬ್ರೇಕನ್ನಷ್ಟೇ ನಂಬಿದವರು ಬೇಕಾದಲ್ಲಿ ನಿಲ್ಲಲಾರರು. ಬೀಳಿಸುವುದು ಮುಂದಿನ ಬ್ರೇಕಲ್ಲ, ಅದನ್ನು ಗಾಬರಿಯಲ್ಲಿ ಒಮ್ಮೆಲೆ ಹಿಂಡುವ ಕೈ. 2019ರ ಏಪ್ರಿಲಿನಿಂದ 125 ಸಿಸಿ ಮೀರಿದ ಹೊಸ ಗಾಡಿಗಳಿಗೆಲ್ಲ ಎಬಿಎಸ್ ಕಡ್ಡಾಯವಾದದ್ದು ಆ ಗಾಬರಿಯ ಕೈಯನ್ನು ಕಾಯಲಿಕ್ಕೆ. ಆದರೆ ದೂರವನ್ನು ಯಾವ ಯಂತ್ರವೂ ಕೊಡುವುದಿಲ್ಲ. 60ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರು ಓಡಿರುತ್ತದೆ. ಎದುರಿಗೆ ನಾಯಿ ಬಂತೆಂದು ಮನಸ್ಸು ತಿಳಿದು ಬೆರಳಿಗೆ ಹೇಳುವ ಹೊತ್ತಿಗೇ ಅಷ್ಟು ಕಳೆದಿರುತ್ತದೆ. ವೇಗ ಎರಡರಷ್ಟಾದರೆ ಬ್ರೇಕು ಹಿಡಿದ ಮೇಲೆ ಗಾಡಿ ಓಡುವ ದೂರ ನಾಲ್ಕರಷ್ಟು. ಮುಂದಿನ ಗಾಡಿಗೂ ನನಗೂ ನಡುವೆ ಬಿಟ್ಟ ಜಾಗವೇ ನನ್ನ ಮೊದಲ ಬ್ರೇಕು.

ಮಳೆಯಲ್ಲಿ ಆ ಜಾಗ ಇನ್ನೂ ದೊಡ್ಡದಾಗಬೇಕು. ಏಪ್ರಿಲಿನ ಮೊದಲ ಮಳೆ ಬಿದ್ದಾಗ ಮಣ್ಣಿನ ಗಮಲಿಗೆ ಊರೆಲ್ಲ ಹಿಗ್ಗುತ್ತದೆ. ರಸ್ತೆಯ ಮೇಲೆ ತಿಂಗಳುಗಟ್ಟಲೆ ಕೂತ ಧೂಳೂ ಎಣ್ಣೆಯೂ ಆ ನೀರಿನಲ್ಲಿ ಕಲಸಿ ಜಾರುವ ಪದರವಾಗುತ್ತದೆ. ಅರ್ಧ ಗಂಟೆ ಜೋರು ಮಳೆ ಹೊಯ್ದರೆ ಅದು ತೊಳೆದುಹೋಗುತ್ತದೆ. ಅಲ್ಲಿಯವರೆಗೆ ಟೀ ಅಂಗಡಿಯ ತಗಡಿನ ಕೆಳಗೆ ನಿಲ್ಲುವುದು ಜಾಣತನ. ಅಲ್ಲಿ ಎಲ್ಲ ಬಗೆಯ ಸವಾರರೂ ಸೇರುತ್ತಾರೆ. ಡೆಲಿವರಿ ಚೀಲ ಹೊತ್ತ ಹುಡುಗ, ಬ್ಯಾಂಕಿನ ಗುಮಾಸ್ತರು, ಹಾಲಿನ ಕ್ಯಾನಿನವರು. ತಗಡಿನ ಸದ್ದಿಗೆ ಮಾತು ಕೇಳಿಸದೆ ಎಲ್ಲರೂ ಆಕಾಶ ನೋಡುತ್ತ ಗ್ಲಾಸು ಹಿಡಿದು ನಿಂತಿರುತ್ತಾರೆ. ಮಳೆ ತಗ್ಗಿದ ಮೇಲೆ ಹೊರಟವರ ಕಣ್ಣು ನೆಲದ ಮೇಲೆ: ಝೀಬ್ರಾ ಪಟ್ಟಿಯ ಬಣ್ಣ, ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳ, ನೀರು ತುಂಬಿ ಆಳ ಕಾಣದ ಗುಂಡಿ.

ಚಾಮುಂಡಿ ಬೆಟ್ಟ ಏರುವುದು ಸುಲಭ, ಇಳಿಯುವುದೇ ವಿದ್ಯೆ. ತಿರುವಿನಲ್ಲಿ ಕೆಳಗೆ ಊರು ಕಾಣುತ್ತದೆ, ಕಾರಂಜಿ ಕೆರೆ ಹೊಳೆಯುತ್ತದೆ, ತಡೆಗೋಡೆಯ ಮೇಲೆ ಕೋತಿಗಳು ಕೂತಿರುತ್ತವೆ. ಪೆಟ್ರೋಲು ಉಳಿಯುತ್ತದೆಂದು ನ್ಯೂಟ್ರಲ್ಲಿಗೆ ಹಾಕಿ ಸದ್ದಿಲ್ಲದೆ ಜಾರುವವರು ಪಕ್ಕದಲ್ಲಿ ಹೋಗುತ್ತಾರೆ. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲಿನ ಸರಬರಾಜೇ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲಿ ಉಳಿಯುವುದು ಏನೂ ಇಲ್ಲ. ಎರಡನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸುತ್ತದೆ, ಬ್ರೇಕು ಕಾಯುವುದಿಲ್ಲ. ನಂದಿಯ ಬಳಿ ಗಾಡಿ ನಿಲ್ಲಿಸಿದಾಗ ಚಿಕ್ಕಪ್ಪ ಮುಂದಿನ ಡಿಸ್ಕಿನ ಹತ್ತಿರ ಅಂಗೈ ಒಡ್ಡಿ ಬಿಸಿ ನೋಡಿದರು. ಏನೂ ಹೇಳಲಿಲ್ಲ. ಸೌತೆಕಾಯಿ ಕೊಡಿಸಿದರು.

ಕತ್ತಲಾದ ಮೇಲಿನ ರಸ್ತೆ ಬೇರೆ ಲೋಕ. ಕೆರೆ ಏರಿಯ ಬಳಿ ಹುಳುಗಳು ಗಾಜಿಗೆ ಪಟಪಟ ಬಡಿಯುತ್ತವೆ. ವೈಸರ್ ಎತ್ತಿದರೆ ಕಣ್ಣಿಗೇ. ಎದುರಿನ ಹೈ ಬೀಮಿಗೆ ಕುರುಡಾದಾಗ ರಸ್ತೆಯ ಎಡ ಅಂಚಿನ ಬಿಳಿ ಗೆರೆಯ ಮೇಲೆ ನೋಟವಿಟ್ಟು ವೇಗ ಇಳಿಸಬೇಕು. ಕಬ್ಬು ಹೇರಿದ ಟ್ರ್ಯಾಕ್ಟರಿಗೆ ಹಿಂದೆ ದೀಪವಿರುವುದಿಲ್ಲ. ಒಂದು ಪುಟ್ಟ ಕೆಂಪು ರಿಫ್ಲೆಕ್ಟರ್ ಅಂಟಿಸಿದ ಗಾಡಿ ಸಿಕ್ಕರೆ, ಅದನ್ನು ಅಂಟಿಸಿದ ಆ ಯಾರಿಗೋ ಮನಸ್ಸು ನಮಸ್ಕರಿಸುತ್ತದೆ.

ದಸರೆಯ ಹೊತ್ತಿಗೆ ಗಾಡಿ ಮನೆಯವರಲ್ಲೊಬ್ಬರಾಗಿರುತ್ತದೆ. ಆಯುಧಪೂಜೆಯ ಬೆಳಿಗ್ಗೆ ಬೀದಿಯ ಪ್ರತಿ ಗೇಟಿನ ಮುಂದೆ ಬಕೆಟ್ಟು, ಪೈಪು, ಶಾಂಪೂ ನೊರೆ. ತೊಳೆದ ಗಾಡಿಗೆ ವಿಭೂತಿ, ಕುಂಕುಮ, ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ. ಮಂಗಳಾರತಿಯಾದ ಮೇಲೆ ಚಕ್ರದ ಕೆಳಗೆ ಇಟ್ಟ ನಿಂಬೆಹಣ್ಣು ಪಚ್ಚೆಂದು ಅಪ್ಪಚ್ಚಿಯಾಗುವಂತೆ ಗಾಡಿ ಮುಂದಕ್ಕೆ ಹೋಗಬೇಕು. ಕೊನೆಗೆ ಕುಂಕುಮ ತುಂಬಿದ ಬೂದುಗುಂಬಳ ನಿವಾಳಿಸಿ ರಸ್ತೆಗೆ ಒಡೆಯುತ್ತಾರೆ. ನಮ್ಮ ಗಾಡಿಗೆ ದೃಷ್ಟಿ ತೆಗೆದ ಆ ಕುಂಬಳದ ಹೋಳಿನ ಮೇಲೆ ಸಂಜೆ ಇನ್ನೊಬ್ಬರ ಗಾಡಿ ಜಾರುತ್ತದೆ. ಪ್ರತಿ ವರ್ಷವೂ ಇದನ್ನು ಮಾಡಬೇಡಿ ಎಂದು ಪೊಲೀಸರು ಕೇಳಿಕೊಳ್ಳುತ್ತಾರೆ, ಪ್ರತಿ ವರ್ಷವೂ ರಸ್ತೆ ಕೆಂಪಾಗುತ್ತದೆ. ಚಿಕ್ಕಮ್ಮ ನಮ್ಮ ಗೇಟಿನ ಒಳಗೆಯೇ, ಪಾಗಾರದ ಮೂಲೆಯಲ್ಲಿ ಕುಂಬಳ ಒಡೆಸಿದರು. ಆಮೇಲೆ ಪೊರಕೆ ಹಿಡಿದು ಬೀದಿಗೆ ಹೋಗಿ, ಎದುರುಮನೆಯವರು ಒಡೆದದ್ದನ್ನೂ ಗುಡಿಸಿ ಮೊರಕ್ಕೆ ತುಂಬಿದರು. “ಅವರ ಹೋಳು ಅವರೇ ಎತ್ಲಿ ಬಿಡಿ ಚಿಕ್ಕಮ್ಮ,” ಎಂದರೆ, “ಚಕ್ರಕ್ಕೇನು ಗೊತ್ತು ಯಾರ ಮನೇದು ಅಂತ,” ಎಂದರು. ಅವರು ಗಾಡಿ ಓಡಿಸಿದವರಲ್ಲ. ಆದರೂ ಗಾಡಿಯ ಪಾಠದಲ್ಲಿ ಮುಖ್ಯವಾದದ್ದು ಅವರಿಗೆ ಗೊತ್ತಿತ್ತು.

ಬೈಕು ಕಲಿಯುವಾಗ ನಾವು ಕ್ಲಚ್ಚು, ಗೇರು, ಬ್ರೇಕು ಕಲಿಯುತ್ತೇವೆ ಅಂದುಕೊಂಡಿರುತ್ತೇವೆ. ಅವನ್ನು ಕೈಕಾಲು ಬೇಗ ಕಲಿತುಬಿಡುತ್ತವೆ. ನಿಧಾನವಾಗಿ, ದಿನದಿನವೂ ಕಲಿಯಬೇಕಾದದ್ದು ರಸ್ತೆಯ ಮೇಲೆ ಇರುವ ಇನ್ನೊಬ್ಬರನ್ನು ಕಾಣುವುದು: ಬರಿದಲೆಯ ಮಗುವನ್ನು, ಮೊರ ಹಿಡಿದ ತಾಯಿಯನ್ನು, ಸರ್ಕಲ್ಲಿನಲ್ಲಿ ಗಾಡಿ ಆಫ್ ಆಗಿ ಗಾಬರಿಯಾದ ಹೊಸಬರನ್ನು. ಕೆಂಪು ‘ಎಲ್’ ಅಂಟಿಸಿದ ಗಾಡಿಯ ಹಿಂದೆ ಸಿಕ್ಕಿಕೊಂಡಾಗ ಹಾರನ್ನು ಒತ್ತದೆ ಎರಡು ಗಳಿಗೆ ಕಾಯಿರಿ. ಅವರ ಎಡಗೈ ಈಗಷ್ಟೇ ಹಾಫ್ ಕ್ಲಚ್ಚು ಹುಡುಕುತ್ತಿದೆ, ಅದು ಸಿಕ್ಕೇ ಸಿಗುತ್ತದೆ.